ನಿತ್ಯಪುಷ್ಪದ ಕಷಾಯ

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ವರ್ಷವೇ ಅಣ್ಣ ಬೆಂಗಳೂರಿನ ಕೆಲಸ ಹೋಗಿ ಮನೆಗೆ ಬಂದ. ಐವತ್ತರ ದಶಕದ ನಡುವಿನ ಮಾತು. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ಜಂಗಮಕೋಟೆಗೆ ಹತ್ತಿರ. ಹಿಪ್ಪುನೇರಳೆ ತೋಟವಿತ್ತು, ರೇಷ್ಮೆ ಹುಳು ಸಾಕುತ್ತಿದ್ದೆವು, ಊಟ ಬಟ್ಟೆಗೆ ತೊಂದರೆ ಇರಲಿಲ್ಲ. ಆ ಅನುಕೂಲದಲ್ಲಿ ಅಪ್ಪ ಅಣ್ಣನಿಗೆ ರಸಾಯನಶಾಸ್ತ್ರ ಓದಿಸಿದರು. ನನ್ನ ಓದನ್ನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದರು. ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಪೂರ್ತಿ ಆರಿಲ್ಲ. ಆದರೆ ಈಗ ಹೇಳಹೊರಟಿರುವುದು ಅದನ್ನಲ್ಲ.

ಬೆಂಗಳೂರಿನಲ್ಲಿ ಅಣ್ಣ ಒಬ್ಬ ಪ್ರೊಫೆಸರರ ಕೈಕೆಳಗೆ ಇದ್ದ. ಕಡಲ ದಂಡೆಯ ಮರಳಿನಲ್ಲಿ ಬೆಳೆಯುವ ಗಿಡಗಳಲ್ಲಿ ಔಷಧದ ಅಂಶ ಏನಾದರೂ ಇದೆಯೇ ಎಂದು ಹುಡುಕುವುದು ಆ ಪ್ರೊಫೆಸರರು ಹಿಡಿದಿದ್ದ ಕೆಲಸ. ಗಿಡ ಕಿತ್ತು ತರಲು ಅಣ್ಣನನ್ನು ಕರಾವಳಿಗೆ ಕಳಿಸುತ್ತಿದ್ದರು. ಕೆಲಸ ತಾತ್ಕಾಲಿಕದ್ದು, ಹಣ ನಿಂತಿತು, ಅಣ್ಣನನ್ನು ಬಿಟ್ಟರು. ಅವನು ಒಂದು ಟ್ರಂಕು, ಗೋಣಿತಾಟಿನಲ್ಲಿ ಸುತ್ತಿದ ಗಾಜಿನ ಸಾಮಾನು, ಬುಟ್ಟಿಯ ತುಂಬ ಗಿಡಗಳನ್ನು ಹೊತ್ತುಕೊಂಡು ಬಸ್ಸಿಳಿದ. ಬುಟ್ಟಿಯಲ್ಲಿದ್ದದ್ದು ನಿತ್ಯಪುಷ್ಪ. ಗುಲಾಬಿ ಬಣ್ಣದ, ಐದೆಸಳಿನ ಹೂ.

ಅಮ್ಮ ನೋಡಿ ಮುಖ ಕಿವುಚಿಕೊಂಡಳು. "ಇದನ್ನ ಅಷ್ಟು ದೂರದಿಂದ ಹೊತ್ಕೊಂಡು ಬಂದ್ಯೇನೋ? ಸುಡುಗಾಡಿನ ಹತ್ರ ಬೇಕಾದಷ್ಟು ಬಿದ್ದಿದೆ."

"ಇಲ್ಲಿ ಅಲ್ಲೊಂದು ಇಲ್ಲೊಂದು ಇದೆ ಕಣಮ್ಮ. ಅಲ್ಲಿ ದಂಡೆ ಪೂರಾ ಅದೇ," ಎಂದ ಅಣ್ಣ. ಈ ಗಿಡ ನಮ್ಮ ದೇಶದ್ದೇ ಅಲ್ಲವಂತೆ. ಆಫ್ರಿಕದ ಕಡೆಯ ಯಾವುದೋ ದ್ವೀಪದಿಂದ ಹಡಗಿನಲ್ಲಿ ಬಂದದ್ದು, ದೊರೆಗಳ ಬಂಗಲೆಯ ಕೈತೋಟದಿಂದ ಆಚೆ ಬಿದ್ದು ಮರಳಿಗೆ ಹಬ್ಬಿದ್ದು. ದನ ಮೂಸುವುದಿಲ್ಲ, ಮೇಕೆ ಬಾಯಿ ಹಾಕುವುದಿಲ್ಲ. ಮರಳನ್ನು ಹಿಡಿದಿಟ್ಟಿದ್ದ ಅಲ್ಲಿಯ ಬಳ್ಳಿಗಳನ್ನು ಮೂಲೆಗೆ ತಳ್ಳಿತ್ತಂತೆ. ಅಲ್ಲಿ ಮೀನುಗಾರರ ಕೇರಿಯಲ್ಲಿ ಕೆಲವರು ಸಿಹಿಮೂತ್ರಕ್ಕೆ ಇದರ ಎಲೆಯ ಕಷಾಯ ಕುಡಿಯುವುದನ್ನು ಅಣ್ಣ ನೋಡಿದ್ದ. ಪ್ರೊಫೆಸರರಿಗೆ ಹೇಳಿದರೆ ಅವರು ಕಿವಿಗೆ ಹಾಕಿಕೊಂಡಿರಲಿಲ್ಲ.

"ಕರೀದೇ ಬಂದು ಜಾಗ ಹಿಡ್ಕೊಂಡಿದೆ. ಬಾಡಿಗೆ ಆದ್ರೂ ವಸೂಲಿ ಮಾಡೋಣ," ಎಂದು ನಕ್ಕ. ಅವನು ಹಾಗೆ ನಗುತ್ತಿದ್ದ ಕಾಲವೊಂದಿತ್ತು ಎಂಬುದನ್ನು ನಾನು ಬರೆದಿಡಬೇಕು.

ಅಪ್ಪನ ಕಾಯಿಲೆಗೆ ಚಿಕ್ಕಬಳ್ಳಾಪುರದ ಡಾಕ್ಟರು ಇನ್ಸುಲಿನ್ ಸೂಜಿ ಬರೆದಿದ್ದರು. ಕೆಲವು ದಿನ ತೆಗೆದುಕೊಂಡ ಮೇಲೆ ಅದನ್ನು ದನದ ಹೊಟ್ಟೆಯೊಳಗಿನ ಮಾಂಸದಿಂದ ತೆಗೆಯುತ್ತಾರೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಅಪ್ಪ ಆವತ್ತೇ ಸೂಜಿ ಬಿಟ್ಟರು. ಡಾಕ್ಟರು ಬೈದರು, ಅಮ್ಮ ಅತ್ತಳು, ಅಣ್ಣ ಗಂಟೆಗಟ್ಟಲೆ ವಾದ ಮಾಡಿದ. ಅಪ್ಪ ಜಗ್ಗಲಿಲ್ಲ. "ಹೋಗೋ ಜೀವಕ್ಕೆ ಹಸುವಿನ ಪಾಪ ಬೇರೆ ಯಾಕೆ ಕಟ್ಕೊಳ್ಳಲಿ?" ಎನ್ನುತ್ತಿದ್ದರು. ಆಗ ಅಣ್ಣನ ಕಣ್ಣು ಹಿತ್ತಲಲ್ಲಿ ನೆಟ್ಟಿದ್ದ ಆ ಗಿಡಗಳ ಮೇಲೆ ಬಿತ್ತು.

ಹುಳು ಸಾಕುವ ಮನೆಗೆ ತಾಗಿದಂತೆ ಸೊಪ್ಪು ಇಡುವ ಕೋಣೆಯೊಂದಿತ್ತು. ಹುಳಕ್ಕೆ ವಾಸನೆ ಆಗುವುದಿಲ್ಲ ಎಂದು ಅಪ್ಪ ನಡುವಿನ ಬಾಗಿಲನ್ನು ಮಣ್ಣು ಹಾಕಿ ಮುಚ್ಚಿಸಿ, ಆ ಕೋಣೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟರು. ಎಲೆ, ಬೇರು ಒಣಗಿಸಿ ಕುಟ್ಟುವುದು, ಸ್ಪಿರಿಟ್ಟಿನಲ್ಲಿ ನೆನೆಹಾಕುವುದು, ಸೋಸುವುದು, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಸ್ಪಿರಿಟ್ಟನ್ನು ವಾಪಸ್ಸು ಹಿಡಿದುಕೊಂಡು ತಳದಲ್ಲಿ ಉಳಿದ ಕಪ್ಪು ಸಾರವನ್ನು ತೆಗೆಯುವುದು. ಆ ಸಾರ ಬೆಲ್ಲದ ಪಾಕದ ಹಾಗೆ ಕಾಣುತ್ತಿತ್ತು, ನಾಲಿಗೆಗೆ ಸೋಕಿಸಿದರೆ ಹಾಗಲಕಾಯಿ ಎಷ್ಟೋ ವಾಸಿ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ ಇತ್ತು. ಸ್ಪಿರಿಟ್ಟಿಗೆ ಪರವಾನಗಿ ಬೇಕು. ಚಿಕ್ಕಬಳ್ಳಾಪುರದ ಆ ಡಾಕ್ಟರೇ ಶಿಫಾರಸು ಮಾಡಿ ಕೊಡಿಸಿದರು. ಅವರಿಗೆ ಅಣ್ಣನ ಹುಚ್ಚು ಹಿಡಿಸಿತ್ತು.

ಮನೆಯಲ್ಲಿ ಕೂತು ಹೆಣ್ಣು ನೋಡಲು ಬರುವವರಿಗೆ ಕಾಯುತ್ತಿದ್ದ ನಾನು ಅಣ್ಣನ ಸಹಾಯಕಿಯಾದೆ. ಸಾರವನ್ನು ಪರೀಕ್ಷಿಸಲೆಂದು ಅಣ್ಣ ತಂದಿದ್ದ ಮೊಲಗಳನ್ನು ನೋಡಿಕೊಳ್ಳುವುದು ನನ್ನ ಪಾಲು. ಗೂಡು ತೊಳೆದು ಸುಣ್ಣ ಬಳಿದು, ಹುಲ್ಲು ಹಾಕುತ್ತಿದ್ದೆ. ಹುಳು ಸಾಕುವ ಮನೆಯ ಹೆಣ್ಣುಮಕ್ಕಳಿಗೆ ಶುಚಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಣ್ಣ ಮೊಲದ ಕಿವಿಯ ನರಕ್ಕೆ ಸಾರದ ಸೂಜಿ ಚುಚ್ಚುತ್ತಿದ್ದ, ಆಮೇಲೆ ಸಕ್ಕರೆಯ ಪರೀಕ್ಷೆ ಮಾಡುತ್ತಿದ್ದ. ಸಕ್ಕರೆ ಇಳಿಯಲಿಲ್ಲ. ಬೇರೆಯದೇ ಒಂದು ಆಯಿತು. ವಾರ ಕಳೆಯುವುದರಲ್ಲಿ ಮೊಲಗಳು ಮುದುರಿಕೊಂಡು ಕೂತವು. ಚರ್ಮದ ಕೆಳಗೆ ಹುಣ್ಣು ಎದ್ದಿತು. ಒಂದರ ಹಿಂದೆ ಒಂದು ಸತ್ತವು. ಸೂಜಿ ಚುಚ್ಚದೆ ಬಿಟ್ಟಿದ್ದ ಮೊಲಗಳು ಪಕ್ಕದ ಗೂಡಿನಲ್ಲೇ ಕುಣಿದಾಡಿಕೊಂಡಿದ್ದವು.

ಅಣ್ಣ ಮತ್ತೆ ಮಾಡಿದ. ಮತ್ತೆ ಹಾಗೇ ಆಯಿತು. ಈ ಸಲ ಸಾಯುವ ಮೊದಲೇ ರಕ್ತವನ್ನು ಗಾಜಿನ ಪಟ್ಟಿಗಳ ಮೇಲೆ ಬಳಿದು ಚಿಕ್ಕಬಳ್ಳಾಪುರಕ್ಕೆ ಒಯ್ದು, ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ಡಾಕ್ಟರಿಗೆ ತೋರಿಸಿದ. ಬಿಳಿ ರಕ್ತಕಣಗಳು ಬಹುತೇಕ ಇಲ್ಲವೇ ಇಲ್ಲ. ಡಾಕ್ಟರು ಕಣ್ಣು ಒರೆಸಿಕೊಂಡು ಮತ್ತೆ ನೋಡಿದರಂತೆ. "ಇದು ನನ್ನ ಕೈಗೆ ಮೀರಿದ್ದಪ್ಪ. ನಿಮ್ಮ ಪ್ರೊಫೆಸರಿಗೆ ತೋರಿಸು," ಎಂದರಂತೆ.

ಅಣ್ಣ ಬೆಂಗಳೂರಿಗೆ ಹೊರಟಾಗ ಮೊಲ ಸಾಕಿದವಳು ಎಂದು ನಾನೂ ಹಟ ಹಿಡಿದು ಜೊತೆಗೆ ಹೋದೆ. ಪ್ರೊಫೆಸರರು ನಮ್ಮನ್ನು ನಿಲ್ಲಿಸಿಕೊಂಡೇ ಮಾತಾಡಿಸಿದರು. ಅಣ್ಣ ಹತ್ತಿಯಲ್ಲಿ ಸುತ್ತಿ ತಂದಿದ್ದ ಗಾಜಿನ ಪಟ್ಟಿಗಳನ್ನು ಮೇಜಿನ ಮೇಲಿಟ್ಟ. ಅವರು ಅವನ್ನು ಕೈಯಲ್ಲೂ ಎತ್ತಲಿಲ್ಲ.

"ಸಕ್ಕರೆ ಇಳಿಯಿತೇನಯ್ಯ?"

"ಇಲ್ಲ ಸಾರ್. ಆದ್ರೆ ಬಿಳಿ ಕಣ..."

"ನಿನಗೆ ಬೇಕಾಗಿದ್ದು ಸಕ್ಕರೆ. ಸಿಕ್ಕಿದ್ದು ಹುಣ್ಣು. ಹಳ್ಳಿಯಲ್ಲಿ, ಹುಳದ ಮನೆ ಪಕ್ಕ ಮೊಲ ಸಾಕಿದ್ರೆ ಹುಣ್ಣಾಗದೆ ಇನ್ನೇನಾಗುತ್ತೆ? ಮೊದಲು ಗೂಡು ತೊಳೀರಿ." ಆಮೇಲೆ ನನ್ನ ಕಡೆ ನೋಡಿ, "ಇವಳೇನಾ ನೋಡಿಕೊಳ್ಳೋದು?" ಎಂದು ಕೇಳಿ ಒಂಥರಾ ನಕ್ಕರು.

ಪಕ್ಕದ ಗೂಡಿನ ಮೊಲಗಳಿಗೆ ಯಾಕೆ ಹುಣ್ಣಾಗಲಿಲ್ಲ ಸ್ವಾಮಿ ಎಂದು ಕೇಳಬೇಕಿದ್ದವನು ಅಣ್ಣ. ಅವನು ಕೇಳಲಿಲ್ಲ. ಅವನಿಗೆ ಆ ಮನುಷ್ಯರೆಂದರೆ ದೇವರು. ಗಾಜಿನ ಪಟ್ಟಿಗಳನ್ನು ಮತ್ತೆ ಹತ್ತಿಯಲ್ಲಿ ಸುತ್ತಿಕೊಂಡ. ಬಸ್ಸಿನಲ್ಲಿ, "ಅವರು ಹೇಳೋದ್ರಲ್ಲೂ ಅರ್ಥ ಇದೆ ಕಣೇ ಅಮ್ಮಣ್ಣಿ. ನಮ್ಮ ಗೂಡಿನಲ್ಲೇ ಏನೋ ಇರಬೇಕು," ಎಂದ.

ಪ್ರೊಫೆಸರರ ಆ ಮಾತಿನಿಂದ ಆದ ಕೆಡುಕು ನಮ್ಮ ಅವಮಾನಕ್ಕೆ ಮುಗಿದಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಮೊಲ ಸತ್ತದ್ದು ಸಾರದಿಂದಲ್ಲ, ಗಲೀಜಿನಿಂದ ಎಂದು ಅಣ್ಣ ನಂಬಿದ. ಸಾರದ ಬಗ್ಗೆ ಅವನಲ್ಲಿ ಹುಟ್ಟಿದ್ದ ಭಯವನ್ನು ಪ್ರೊಫೆಸರರು ಒಂದು ನಗುವಿನಲ್ಲಿ ತೆಗೆದುಹಾಕಿಬಿಟ್ಟರು.

ಅಷ್ಟು ಹೊತ್ತಿಗೆ ಅಪ್ಪ ಎಲೆಯ ಕಷಾಯ ಕುಡಿಯತೊಡಗಿದ್ದರು. ಅದರಿಂದ ಏನೂ ತೊಂದರೆ ಆಗಿರಲಿಲ್ಲ. ಬೆಳಿಗ್ಗೆ ಅಣ್ಣ ಅಪ್ಪನ ಉಚ್ಚೆಯನ್ನು ನೀಲಿ ದ್ರಾವಣದಲ್ಲಿ ಹಾಕಿ ಕಾಯಿಸುತ್ತಿದ್ದ. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ ಇದೆ, ಇಟ್ಟಿಗೆ ಕೆಂಪಾದರೆ ವಿಪರೀತ. ಮನೆಮಂದಿಯೆಲ್ಲ ಆ ದೀಪದ ಸುತ್ತ ನಿಂತು ನೋಡುತ್ತಿದ್ದೆವು. ಕಷಾಯ ಶುರು ಮಾಡಿದ ಮೇಲೆ ಕೆಲವು ದಿನ ಹಸಿರು ಬಂತು. ಅಮ್ಮ ಅನ್ನ ಕಡಿಮೆ ಮಾಡಿದ್ದಕ್ಕೆ ಬಂದಿತೋ, ಕಷಾಯಕ್ಕೆ ಬಂದಿತೋ, ಯಾರಿಗೆ ಗೊತ್ತು? ಅಪ್ಪನಿಗಂತೂ ಗಿಡದ ಮೇಲೆ ನಂಬಿಕೆ ಕೂತುಬಿಟ್ಟಿತು. ಮತ್ತೆ ಕೆಂಪು ಬಂದಾಗ, ಗಟ್ಟಿ ಸಾರವನ್ನೇ ಕೊಡು ಎಂದು ಪಟ್ಟು ಹಿಡಿದರು.

ಜಗಲಿಯ ಮೇಲೆ ನಡೆದ ಆ ಮಾತು ನನಗೆ ಇನ್ನೂ ಕೇಳಿಸುತ್ತದೆ.

"ಬೇಡಪ್ಪ. ಅದನ್ನ ಇನ್ನೂ ಸರಿಯಾಗಿ ನೋಡಿಲ್ಲ," ಎಂದ ಅಣ್ಣ.

"ನಿಮ್ಮ ದೊಡ್ಡ ಮೇಷ್ಟ್ರು ಏನಂದ್ರು? ಗೂಡು ಗಲೀಜು ಅಂದ್ರು ತಾನೆ? ಸಾರ ಕೆಟ್ಟದ್ದು ಅಂದ್ರಾ?"

"ಇಲ್ಲ."

"ಮತ್ತೆ? ಮೊಲಕ್ಕೆ ಕೊಟ್ಟೆ, ಹೆತ್ತಪ್ಪನಿಗೆ ಕೊಡಲ್ವೇನೋ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಮೊಲ ಸತ್ವಲ್ಲೋ," ಎಂದಳು.

"ಮೊಲಕ್ಕೆ ಸೂಜಿಯಲ್ಲಿ ಚುಚ್ಚಿದ್ದಮ್ಮ. ಕುಡಿಯೋದು ಬೇರೆ. ಕಡಲ ಕಡೆ ಜನ ಕುಡೀತಾರೆ, ಚೆನ್ನಾಗಿದಾರೆ," ಎಂದ ಅಣ್ಣ. ಅಮ್ಮನಿಗೆ ಹೇಳಿದ ಆ ಮಾತಿಗೆ ಅವನೇ ಒಪ್ಪಿಕೊಂಡುಬಿಟ್ಟ ಎಂದು ನನಗೆ ಅನಿಸುತ್ತದೆ. ಮರುದಿನ ಬೆಳಿಗ್ಗೆ ಚಮಚದ ತುದಿಯಲ್ಲಿ ಸಾರ ತೆಗೆದು ನೀರಿನಲ್ಲಿ ಕದಡಿ ಕೊಟ್ಟ. ಅಪ್ಪ ಮುಖ ಹಿಂಡಿಕೊಂಡು ಕುಡಿದು, "ಕಹಿ ಇದ್ರೇನೇ ಔಷಧಿ," ಎಂದರು.

ಮೊದಲು ಹಸಿವು ಹೋಯಿತು. ಆಮೇಲೆ ಬಾಯಲ್ಲಿ ಹುಣ್ಣು. ಖಾರ ಮುಟ್ಟುವಂತಿಲ್ಲ, ಮುದ್ದೆ ನುಂಗುವಂತಿಲ್ಲ. ಅಮ್ಮ ಮಜ್ಜಿಗೆಯಲ್ಲಿ ಅನ್ನ ಹಿಚುಕಿ ಕೊಡುತ್ತಿದ್ದಳು. ಅಣ್ಣ ಹೆದರಿ ಸಾರ ನಿಲ್ಲಿಸಿದ. ಅದೇ ದಿನಗಳಲ್ಲಿ ಅಪ್ಪ ತೋಟದಲ್ಲಿ ಸೊಪ್ಪು ಕುಯ್ದ ಕಡ್ಡಿಯ ಮೇಲೆ ಕಾಲಿಟ್ಟರು. ಹೆಬ್ಬೆರಳಿನ ಸಂದಿಯಲ್ಲಿ ಸಣ್ಣ ಗಾಯ. ಗಾಯ ಊದಿಕೊಂಡಿತು, ಕಪ್ಪಾಯಿತು, ಕೀವು ಮಾತ್ರ ಕಟ್ಟಲಿಲ್ಲ. ಕೀವಿಲ್ಲದ್ದು ಒಳ್ಳೆಯ ಲಕ್ಷಣ ಎಂದುಕೊಂಡೆವು. ಕೀವಾಗುವುದೇ ಆ ಬಿಳಿ ಕಣಗಳಿಂದ ಎಂದು ಅಣ್ಣನಿಗೆ ತಿಳಿಯದ್ದೇನಲ್ಲ. ಆಗ ಅವನಿಗೆ ಹೊಳೆಯಲಿಲ್ಲ. ಜ್ವರ ಏರಿತು. ಎತ್ತಿನ ಗಾಡಿಯಲ್ಲಿ ಒಣಹುಲ್ಲು ಹಾಸಿ, ಶಿಡ್ಲಘಟ್ಟಕ್ಕೆ ಒಯ್ದು, ಅಲ್ಲಿಂದ ಬಸ್ಸಿನಲ್ಲಿ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಪೆನಿಸಿಲಿನ್ ಕೊಟ್ಟರು. ಮಾರನೆಯ ದಿನ ಮಧ್ಯಾಹ್ನ ಅಪ್ಪ ಹೋದರು.

"ಸಕ್ಕರೆ ಕಾಲಿಗೆ ಇಳಿದ್ರೆ ಹೀಗೇನಮ್ಮ ಆಗೋದು," ಎಂದರು ಡಾಕ್ಟರು, ಅಮ್ಮನಿಗೆ. ಸಾರ ಕೊಟ್ಟಿದ್ದನ್ನು ಅಣ್ಣ ಅವರಿಗೆ ಹೇಳಿದ್ದ. ಅವರು ಅವನ ಹೆಗಲ ಮೇಲೆ ಕೈ ಇಟ್ಟು, ಅದನ್ನು ಯಾರ ಮುಂದೆಯೂ ಆಡಬೇಡ ಎಂದಿದ್ದರು.

ಆಡಬೇಕಾದ ಅಗತ್ಯವೇ ಇರಲಿಲ್ಲ. ತಿಥಿ ಮುಗಿಯುವುದರೊಳಗೆ ಊರೆಲ್ಲ ಆಡುತ್ತಿತ್ತು. ಮಗ ಓದಿ ಬಂದು ಅಪ್ಪನಿಗೆ ಸುಡುಗಾಡಿನ ಹೂ ಅರೆದು ಕುಡಿಸಿದ. ಆಚೆ ಬೀದಿಯ ತೆಲುಗಿನ ಮುದುಕಿ ನಮ್ಮ ಬಾಗಿಲಲ್ಲೇ ನಿಂತು, "ಬಿಳ್ಳ ಗನ್ನೇರು ಎವರೈನಾ ತಾಗುತಾರಾ?" ಎಂದಳು, ಆ ಹೂವಿನ ಗಿಡವನ್ನು ಯಾರಾದರೂ ಕುಡಿಯುತ್ತಾರಾ ಎಂದು. ಸ್ವಲ್ಪ ದಿನಕ್ಕೆ ಅಬಕಾರಿಯವರು ಬಂದರು. ಯಾರೋ ಅರ್ಜಿ ಬರೆದಿದ್ದರು, ಇಲ್ಲಿ ಕಳ್ಳಭಟ್ಟಿ ಇಳಿಸುತ್ತಾರೆಂದು.

ಅಣ್ಣ ಪರವಾನಗಿ ತೋರಿಸಿದ. ಇನ್‌ಸ್ಪೆಕ್ಟರು ಅದನ್ನು ಓದಿ, "ಇದು ಸ್ಪಿರಿಟ್ಟಿಗೆ. ಭಟ್ಟಿಗೆ ಎಲ್ಲಿದೆ?" ಎಂದರು.

"ಅದು ಭಟ್ಟಿ ಅಲ್ಲ ಸ್ವಾಮಿ, ಸ್ಪಿರಿಟ್ಟು ವಾಪಸ್ ಹಿಡಿಯೋ ಪಾತ್ರೆ."

"ಭಟ್ಟಿ ಅಂದ್ರೂ ಅದೇ ತಾನೆ?"

ಅಣ್ಣ ಇನ್ನೂ ವಿವರಿಸುತ್ತಿದ್ದ. ಅಷ್ಟರಲ್ಲಿ ಅಮ್ಮ ಎದ್ದು ಬಂದು, ಸೊಂಟದಿಂದ ಬೀಗದ ಕೈ ತೆಗೆದು ಆ ಕೋಣೆಯ ಬಾಗಿಲನ್ನು ತಾನೇ ತೆರೆದಳು. "ಎಲ್ಲಾನೂ ತಗೊಂಡು ಹೋಗಿ. ಒಂದೂ ಬಿಡಬೇಡಿ," ಎಂದಳು. ಅವರು ತಾಮ್ರದ ಪಾತ್ರೆಯನ್ನು ಹೊತ್ತುಕೊಂಡರು. ಸೀಸೆಗಳಲ್ಲಿದ್ದದ್ದನ್ನೆಲ್ಲ ಮೋರಿಗೆ ಸುರಿದರು. ಗಾಜಿನ ಪಟ್ಟಿಗಳು ಕಾಲಡಿ ಬಿದ್ದು ಪುಡಿಯಾದವು. ಕೇಸಾಗಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಅಣ್ಣ ಗಾಜಿನ ಚೂರು ಗುಡಿಸಿದ. ಅಮ್ಮ ಮುಚ್ಚಿದ್ದ ಆ ನಡುಬಾಗಿಲನ್ನು ಒಡೆಸಿ, ಕೋಣೆಗೆ ಸುಣ್ಣ ಬಳಿಸಿ, ಹುಳದ ತಟ್ಟೆಗಳನ್ನು ಅಲ್ಲಿಯವರೆಗೂ ಜೋಡಿಸಿದಳು.

ಅವಳು ಅಣ್ಣನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಒಂದು ಮಾತು ಆಡುತ್ತಿರಲಿಲ್ಲ. ಅಣ್ಣ ಅದನ್ನು ಸಹಿಸಲಾರದೆ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿಕೊಂಡ. ಮದುವೆಗೆ ಕೇಳಿಕೊಂಡು ಹೋದ ಕಡೆಯೆಲ್ಲ ಆ ಸುದ್ದಿ ಅವನಿಗಿಂತ ಮೊದಲೇ ತಲುಪಿರುತ್ತಿತ್ತು. ಕೊನೆಗೆ ಮದುವೆಯ ಆಸೆಯನ್ನೇ ಬಿಟ್ಟ. ನನ್ನನ್ನು ಚಿಂತಾಮಣಿಗೆ ಕೊಟ್ಟರು.

ವರ್ಷಗಳು ಹೋದವು. ಅರವತ್ತರ ದಶಕದಲ್ಲಿ ಒಂದು ಭಾನುವಾರ ಅಣ್ಣ ಹೇಳದೆ ಕೇಳದೆ ಚಿಂತಾಮಣಿಯ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದ.

"ಸಿಕ್ತು ಕಣೇ ಅಮ್ಮಣ್ಣಿ! ಅವರಿಗೆ ಸಿಕ್ತು!"

ಚಿಕ್ಕಬಳ್ಳಾಪುರದ ಡಾಕ್ಟರು ಅವನನ್ನು ಕರೆಸಿಕೊಂಡು ವೈದ್ಯಕೀಯ ಪತ್ರಿಕೆಯೊಂದನ್ನು ಓದಿಸಿದ್ದರು. ಹೊರದೇಶದಲ್ಲಿ ಯಾರೋ ಇದೇ ಗಿಡವನ್ನು ಇದೇ ಸಕ್ಕರೆ ಕಾಯಿಲೆಗೆಂದು ಪರೀಕ್ಷಿಸಿದ್ದರು. ಸಕ್ಕರೆ ಇಳಿಯಲಿಲ್ಲ. ಪ್ರಾಣಿಗಳು ಹುಣ್ಣಾಗಿ ಸತ್ತವು. ಅವರ ಗೂಡನ್ನು ಯಾರೂ ಗಲೀಜು ಎನ್ನಲಿಲ್ಲ. ಯಾಕೆ ಸತ್ತವೆಂದು ನೋಡಿದರು, ಬಿಳಿ ಕಣ ಸಾಯುತ್ತಿರುವುದು ಕಂಡಿತು. ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣ ಲಂಗುಲಗಾಮಿಲ್ಲದೆ ಬೆಳೆಯುತ್ತದೆ. ಹಾಗಾದರೆ ಇದು ಅದಕ್ಕೆ ಔಷಧ. ಈಗ ಅದರಿಂದ ಮಕ್ಕಳ ಜೀವ ಉಳಿಸುತ್ತಿದ್ದಾರೆ. "ನಿನ್ನ ಸ್ಲೈಡು ನನಗಿನ್ನೂ ನೆನಪಿದೆಯಪ್ಪ," ಎಂದು ಡಾಕ್ಟರು ಕಣ್ಣಲ್ಲಿ ನೀರು ಹಾಕಿಕೊಂಡರಂತೆ.

"ನಾವು ನೋಡಿದ್ದು ನಿಜ ಕಣೇ. ನಿನ್ನ ಗೂಡು ಚೊಕ್ಕಟವಾಗೇ ಇತ್ತು," ಎಂದ ಅಣ್ಣ. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಆ ಪ್ರೊಫೆಸರರ ನಗು ಅಷ್ಟು ವರ್ಷ ನನ್ನ ಬೆನ್ನ ಮೇಲೆ ಕೂತಿತ್ತು.

"ಅಮ್ಮನಿಗೆ ಹೇಳ್ಬೇಕು. ಇವತ್ತೇ ಹೋಗಣ," ಎಂದ. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತು ಮಾತಾಡಿದ್ದೇ ಮಾತಾಡಿದ್ದು. ಅಷ್ಟು ಮಾತನ್ನು ನಾನು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ನಾವಿಬ್ಬರೂ ಓದಿದವರು, ತಿಳಿದವರು. ಆ ಸುದ್ದಿಯ ಇನ್ನೊಂದು ಮಗ್ಗುಲು ನಮ್ಮಿಬ್ಬರಿಗೂ ಕಾಣಲಿಲ್ಲ.

ಅಮ್ಮ ಹಿತ್ತಲಲ್ಲಿ ಕೂತು ಹುಳದ ತಟ್ಟೆಗೆ ಸಗಣಿ ಸಾರಿಸುತ್ತಿದ್ದಳು. ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ಮೊಲ ಸತ್ತದ್ದು ಗಲೀಜಿನಿಂದ ಅಲ್ಲ. ಆ ಸಾರದೊಳಗೆ ದೊಡ್ಡ ಔಷಧವೇ ಇತ್ತು. ಅದು ರಕ್ತದ ಬಿಳಿ ಕಣವನ್ನು ಕೊಲ್ಲುತ್ತದೆ. ಬಿಳಿ ಕಣ ಹೋದರೆ ಮೈಗೆ ನಂಜು ತಡೆಯುವ ಶಕ್ತಿ ಇರುವುದಿಲ್ಲ, ಸಣ್ಣ ಗಾಯವೂ...

ಅಲ್ಲಿಗೆ ಅವನ ಮಾತು ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು. ನನಗೂ ಆಗಲೇ.

ಅಮ್ಮ ಸಾರಿಸುತ್ತಿದ್ದ ಕೈ ನಿಲ್ಲಿಸಿ ಅವನ ಮುಖವನ್ನು ನೋಡಿದಳು. ಸಿಟ್ಟಿರಲಿಲ್ಲ.

"ಸಕ್ಕರೆ ಕಾಯಿಲೆಯಿಂದ್ಲೇ ಹೋದ್ರೇನೋ, ನನ್ನ ಮಗನ್ನ ಸುಮ್ನೆ ಅನುಮಾನ ಪಟ್ಟೆನೇನೋ ಅಂತ ಇಷ್ಟು ವರ್ಷ ಒಂದೊಂದು ಸಲ ಅನ್ನಿಸ್ತಿತ್ತಪ್ಪ," ಎಂದಳು. "ಆ ಸಾರದಿಂದ್ಲೇ ಅಂತ ಈಗ ಗಟ್ಟಿ ಆಯ್ತಲ್ಲ."

"ಅಮ್ಮಾ, ಹಂಗಲ್ಲ. ಡಾಕ್ಟರು ಅವತ್ತು ಹೇಳಿದ್ರಲ್ಲ, ಸಕ್ಕರೆ ಕಾಲು ಅಂತ," ಎಂದು ನಾನು ಬಾಯಿ ಹಾಕಿದೆ. "ಕುಡಿದಿದ್ದು ಮೈಗೆ ಅಷ್ಟೊಂದು ಸೇರಲ್ಲ. ಇವನು ಬೇಗ ನಿಲ್ಲಿಸಿದ್ದ. ಯಾವುದರಿಂದ ಅಂತ ಯಾರೂ ಹೇಳೋಕಾಗಲ್ಲ."

"ನೀನು ಸುಮ್ನಿರಮ್ಮ," ಎಂದಳು. "ಅವನೇ ಹೇಳ್ತಾ ಇದಾನಲ್ಲ."

ಅಮ್ಮ ಎದ್ದು ಕೈ ತೊಳೆದು ಅಡಿಗೆಗೆ ಇಟ್ಟಳು. ಮೂವರೂ ಊಟ ಮಾಡಿದೆವು. ವಾಪಸ್ಸು ಬಸ್ಸಿಗೆ ಕಾಯುವಾಗ ಅಣ್ಣ, "ಅಮ್ಮ ಹೇಳಿದ್ರಲ್ಲಿ ತಪ್ಪೇನೂ ಇಲ್ಲ ಕಣೇ," ಎಂದ. ಮುಂದೆ ಎಂದೂ ಆ ಗಿಡದ ಹೆಸರನ್ನು ಅವನು ನನ್ನ ಮುಂದೆ ಎತ್ತಲಿಲ್ಲ. ಆ ಬೇರನ್ನು ಮೂಟೆಗಟ್ಟಲೆ ಕೊಳ್ಳುವ ದಲ್ಲಾಳಿಗಳು ಚಿಂತಾಮಣಿಗೂ ಬಂದರು. ಪ್ರೊಫೆಸರರು ಯಾವುದೋ ಸಭೆಯಲ್ಲಿ, ನಮ್ಮ ನಾಡಿನ ದಂಡೆಯಲ್ಲೇ ಬಿದ್ದಿದ್ದ ಸಂಪತ್ತನ್ನು ನಾವು ಗುರುತಿಸಲಿಲ್ಲ ಎಂದು ಭಾಷಣ ಮಾಡಿದರೆಂದು ಕೇಳಿದೆ. ಆ "ನಾವು" ಎಂಬ ಮಾತಿಗೆ ನನ್ನ ಮೈ ಉರಿಯಿತು. ಅಣ್ಣನಿಗೆ ಅದನ್ನು ಹೇಳಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅಮ್ಮನ ಕೈಲಿ ಹುಳು ಸಾಕುವುದು ಆಗದಾಯಿತು. ತೋಟವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟು, ಅವಳನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋದೆವು. ಅವಳು ಬೇಡವೆನ್ನಲಿಲ್ಲ. ಮಗನ ಮನೆಯಲ್ಲಿ ಅಡಿಗೆ ಮಾಡಿದಳು, ಅವನಿಗೆ ಬಿಸಿಬಿಸಿಯಾಗಿ ಬಡಿಸಿದಳು, ಅವನು ಸ್ಕೂಲಿನಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಕಾದಳು. ತಾನಾಗಿ ಮಾತಾಡುವುದೂ ಬರಬರುತ್ತಾ ಶುರುವಾಯಿತು. ಎಲ್ಲ ಸರಿಹೋಯಿತು ಎಂದೇ ನಾನು ತಿಳಿದೆ.

ಒಂದು ಸಲ ನಾನು ಅಲ್ಲಿಗೆ ಹೋಗಿದ್ದಾಗ ಅವಳಿಗೆ ಜ್ವರ. ಅಣ್ಣ ಔಷಧಿ ಅಂಗಡಿಯಿಂದ ಮಾತ್ರೆ ತಂದು, ಕಾಗದ ಬಿಚ್ಚಿ, ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಅವಳ ಹಾಸಿಗೆಯ ಹತ್ತಿರ ಬಗ್ಗಿದ. ಅಮ್ಮ ಕೈ ನೀಡಲಿಲ್ಲ. ಅವನ ಹೆಗಲಿನಾಚೆ ನನ್ನನ್ನು ನೋಡಿದಳು.

"ನೀನು ಕೊಡಮ್ಮ," ಎಂದಳು.

ಅಣ್ಣ ತಿರುಗಿ ಮಾತ್ರೆಯನ್ನು ನನ್ನ ಅಂಗೈಗೆ ಹಾಕಿದ. ಅವನ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನಿಲ್ಲದ ದಿನಗಳಲ್ಲಿ ಪಕ್ಕದ ಮನೆಯವರನ್ನು ಕರೆಯುತ್ತಿದ್ದನಂತೆ.